ಸರ್ವರ್ ನಿಲ್ಲಿಸದೆ ರೂಟ್ ಹಿಗ್ಗಿಸುವ ಕೆಲಸ

ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ದಾವೆ ಹೂಡಿದವರು ಮುಂದಿನ ತಾರೀಖು ಯಾವತ್ತು ಎಂದು ತಿಳಿಯಲು ಈಗ ವಕೀಲರ ಆಫೀಸಿಗೆ ಅಲೆಯಬೇಕಾಗಿಲ್ಲ. ಮೊಬೈಲಿನಲ್ಲಿ ಕೇಸ್ ನಂಬರ್ ಹಾಕಿದರೆ ತಾರೀಖು, ಹಿಂದಿನ ಆದೇಶ, ದಾವೆ ಯಾವ ಹಂತದಲ್ಲಿದೆ, ಎಲ್ಲ ಕಾಣಿಸುತ್ತದೆ. 2007ರಲ್ಲಿ ಶುರುವಾದ ಇ-ಕೋರ್ಟ್ಸ್ ಯೋಜನೆಯ ಫಲ ಇದು. ಅದರ ಹಿಂದೆ ದುಡಿಯುವ ‘ಕೇಸ್ ಇನ್ಫರ್ಮೇಷನ್ ಸಿಸ್ಟಮ್’ ಪುಣೆಯ ಎನ್‌ಐಸಿ (ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್) ತಯಾರಿಸಿದ್ದು. ಲಿನಕ್ಸ್, ಪಿಎಚ್‌ಪಿ, ಪೋಸ್ಟ್‌ಗ್ರೆಸ್ ಎಂಬ ಮುಕ್ತ ತಂತ್ರಾಂಶಗಳ ಮೇಲೆ ಅದು ನಿಂತಿದೆ. ಹೀಗೆ ಯುನಿಕ್ಸ್ ಮನೆತನದ ಯಂತ್ರಗಳು ಸದ್ದಿಲ್ಲದೆ ತಾಲ್ಲೂಕು ಊರುಗಳ ದಿನನಿತ್ಯದ ಬದುಕಿಗೆ ಸೇರಿಕೊಂಡಿವೆ. ಕೋರ್ಟೇ ಆಗಬೇಕೆಂದಿಲ್ಲ. ಕಾಲೇಜಿನ ಲ್ಯಾಬು, ಆಸ್ಪತ್ರೆಯ ನೋಂದಣಿ, ಕೇಬಲ್ಲಿನವರ ಇಂಟರ್ನೆಟ್ ಕೋಣೆ, ಎಲ್ಲಿ ಬೇಕಾದರೂ ಇಂಥದೊಂದು ಪೆಟ್ಟಿಗೆ ಇರಬಹುದು. ಎಲ್ಲಿದ್ದರೂ ಒಂದಲ್ಲ ಒಂದು ದಿನ ಅದರ ಜಾಗ ತುಂಬುತ್ತದೆ. ಆಗ ಬೇಕಾಗುವ ಕೆಲಸವೊಂದಿದೆ, ರೂಟ್ ಹಿಗ್ಗಿಸುವುದು. ಹೊರಗಿನವರ ಕಣ್ಣಿಗೆ ಬೀಳದ ಈ ಕೆಲಸದ ಬಗ್ಗೆ ನನಗೆ ಬಹಳ ಗೌರವವಿದೆ.

ಯುನಿಕ್ಸಿನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂಬ ಪಾಲುಗಳು ಕಾಣುವುದಿಲ್ಲ. ಎಲ್ಲ ಕಡತಗಳೂ ಒಂದೇ ಮರದಲ್ಲಿ ಇರುತ್ತವೆ. ಆ ಮರದ ಬುಡಕ್ಕೆ ಒಂದು ಓರೆಗೆರೆಯೇ ಹೆಸರು. ಅದನ್ನು ರೂಟ್ ಎನ್ನುತ್ತಾರೆ. ಬೇರೆ ಡಿಸ್ಕುಗಳನ್ನು ಜೋಡಿಸಿದರೂ ಅವು ಈ ಬುಡದ ಯಾವುದೋ ಕೊಂಬೆಗೇ ಬಂದು ಕೂರಬೇಕು. ಆದ್ದರಿಂದ ರೂಟ್ ತುಂಬಿದರೆ ತೊಂದರೆ ಒಂದು ಕಡೆಗೆ ನಿಲ್ಲುವುದಿಲ್ಲ. ಲಾಗ್ ಬರೆಯುವುದು ನಿಲ್ಲುತ್ತದೆ, ಮೇಲ್ ಹೋಗುವುದಿಲ್ಲ, ಹೊಸ ಅಪ್‌ಡೇಟ್ ಅರ್ಧಕ್ಕೆ ಬೀಳುತ್ತದೆ. ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ಸಿಗೆ, ಬದಲಾವಣೆಗಳನ್ನು ಮುಂಚಿತವಾಗಿ ದಾಖಲಿಸುವ ತನ್ನ ಮುಂಬರಹದ ಕಡತ ಬರೆಯಲು ಜಾಗ ಸಿಗದಿದ್ದರೆ, ಲೆಕ್ಕ ತಪ್ಪುವುದಕ್ಕಿಂತ ನಿಲ್ಲುವುದೇ ಲೇಸೆಂದು ಅದು ನಿಂತೇಬಿಡುತ್ತದೆ. ಲಿನಕ್ಸಿನಲ್ಲಿ ಹೆಚ್ಚಾಗಿ ಬಳಸುವ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮಾತ್ರ ಆಪತ್ತಿಗೆಂದು ನೂರಕ್ಕೆ 5ರಷ್ಟು ಜಾಗವನ್ನು ಎತ್ತಿಟ್ಟಿರುತ್ತದೆ. 50 ಜಿಬಿಯ ರೂಟ್ ಆದರೆ ಎರಡೂವರೆ ಜಿಬಿ. ಸಾಮಾನ್ಯ ಬಳಕೆದಾರರಿಗೆ ಜಾಗ ಸೊನ್ನೆ ಎಂದು ತೋರಿಸುವಾಗಲೂ ಮುಖ್ಯ ಆಡಳಿತಗಾರ ಒಳಗೆ ಹೋಗಿ ಕೈಯಾಡಿಸಲು ಆ ಜಾಗ ಉಳಿದಿರುತ್ತದೆ. ಇದನ್ನು ರೂಪಿಸಿದವರು ತುಂಬಿದ ಡಿಸ್ಕಿನ ಮುಂದೆ ಕುಳಿತ ಮನುಷ್ಯನನ್ನು ನೆನೆದಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ.

ಕೆಲಸ ಬಲ್ಲವರು ಮೊದಲಿಗೇ ಹಿಗ್ಗಿಸಲು ಕೈಹಾಕುವುದಿಲ್ಲ. ತುಂಬಿದ್ದು ಯಾವುದರಿಂದ ಎಂದು ಹುಡುಕುತ್ತಾರೆ. ಡಿಎಫ್ ಕಮಾಂಡ್ ಒಟ್ಟು ಜಾಗವನ್ನು ಹೇಳುತ್ತದೆ, ಡಿಯು ಯಾವ ಫೋಲ್ಡರ್ ಎಷ್ಟು ತಿಂದಿದೆ ಎನ್ನುತ್ತದೆ. ಒಮ್ಮೊಮ್ಮೆ ಎರಡರ ಲೆಕ್ಕ ತಾಳೆಯಾಗುವುದಿಲ್ಲ. ಡಿಎಫ್ ಪ್ರಕಾರ 48 ಜಿಬಿ ಖರ್ಚಾಗಿದೆ, ಡಿಯು ಕೂಡಿಸಿದರೆ 30ಕ್ಕೆ ನಿಲ್ಲುತ್ತದೆ. ಉಳಿದದ್ದು ಎಲ್ಲಿ? ಯಾರೋ ದೊಡ್ಡ ಲಾಗ್ ಕಡತವನ್ನು ಅಳಿಸಿರುತ್ತಾರೆ, ಆದರೆ ಅದಕ್ಕೆ ಬರೆಯುತ್ತಿದ್ದ ಪ್ರೋಗ್ರಾಮ್ ಅದನ್ನಿನ್ನೂ ಹಿಡಿದುಕೊಂಡಿರುತ್ತದೆ. ಯುನಿಕ್ಸಿನಲ್ಲಿ ಕಡತದ ಹೆಸರು ಅಳಿದ ಮಾತ್ರಕ್ಕೆ ಕಡತ ಹೋಗುವುದಿಲ್ಲ. ಹಿಡಿದವರು ಬಿಟ್ಟಾಗಲೇ ಜಾಗ ಬಿಡುಗಡೆಯಾಗುವುದು. ಎಲ್‌ಎಸ್‌ಒಎಫ್ ಎಂಬ ಕಮಾಂಡಿನಿಂದ ಆ ಪ್ರೋಗ್ರಾಮನ್ನು ಪತ್ತೆಹಚ್ಚಿ ಮತ್ತೆ ಚಾಲೂ ಮಾಡಿದರೆ 18 ಜಿಬಿ ತಿರುಗಿ ಬರುತ್ತದೆ, ಡಿಸ್ಕ್ ಮುಟ್ಟುವ ಪ್ರಶ್ನೆಯೇ ಏಳುವುದಿಲ್ಲ. ಹಾಗೆಂದು ಸಿಕ್ಕಿದ್ದನ್ನೆಲ್ಲ ಅಳಿಸುವುದೂ ಅಪಾಯ. ಪೋಸ್ಟ್‌ಗ್ರೆಸ್ಸಿನ ಮುಂಬರಹದ ಫೋಲ್ಡರಿಗೆ ಹಿಂದೆ ಪಿಜಿ-ಎಕ್ಸ್‌ಲಾಗ್ ಎಂಬ ಹೆಸರಿತ್ತು. ‘ಲಾಗ್ ತಾನೆ’ ಎಂದು ಅದನ್ನು ಅಳಿಸಿ ಡೇಟಾಬೇಸ್ ಕಳೆದುಕೊಂಡವರು ಇದ್ದ ಕಾರಣ 2017ರ 10ನೇ ಆವೃತ್ತಿಯಲ್ಲಿ ಆ ಹೆಸರನ್ನೇ ಬದಲಿಸಿದರು.

ಕನ್ನಡದಲ್ಲಿ ದಾಖಲೆ ಇಟ್ಟರೆ ಜಾಗ ಹೆಚ್ಚು ಬೇಕು ಎನ್ನುವ ಮಾತೂ ಈ ಸಂದರ್ಭದಲ್ಲಿ ಬರುತ್ತದೆ. ಅರ್ಧ ನಿಜ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ‘ಮಸ್ಕಿ’ ಎಂದು ಬರೆದರೆ 15 ಬೈಟ್, ‘ಲಿಂಗಸುಗೂರು’ 30. ಇಂಗ್ಲಿಷಿನಲ್ಲಾದರೆ ಮೂರನೇ ಒಂದು ಪಾಲು ಸಾಕು. ಆದರೆ ಒಂದು ಪುಟ ಸ್ಕ್ಯಾನ್ ಮಾಡಿದ ಚಿತ್ರ ತಿನ್ನುವಷ್ಟು ಜಾಗದಲ್ಲಿ ಒಂದು ಕಾದಂಬರಿಯ ಕನ್ನಡ ಪಠ್ಯವೇ ಕೂರಬಲ್ಲದು. ಡಿಸ್ಕ್ ತುಂಬುವುದು ಸ್ಕ್ಯಾನ್‌ಗಳಿಂದ, ಹಳೆಯ ಬ್ಯಾಕಪ್‌ಗಳಿಂದ, ತೆಗೆಯದೆ ಬಿಟ್ಟ ಹಳೆಯ ಕರ್ನೆಲ್‌ಗಳಿಂದ. ನಮ್ಮ ಲಿಪಿಯ ಮೇಲೆ ಆ ಅಪವಾದ ಬೇಡ.

ಇನ್ನೊಂದು ಸಂಗತಿ ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಉಬುಂಟು ಸರ್ವರನ್ನು ಈಚಿನ ವರ್ಷಗಳಲ್ಲಿ ಯಾರಾದರೂ ಎಂಟರ್ ಒತ್ತುತ್ತಾ ಇನ್‌ಸ್ಟಾಲ್ ಮಾಡಿದ್ದರೆ, ಅದು ಡಿಸ್ಕಿನ ಜಾಗವನ್ನೆಲ್ಲ ರೂಟ್‌ಗೆ ಕೊಟ್ಟಿರುವುದಿಲ್ಲ. 20ರಿಂದ 200 ಜಿಬಿವರೆಗಿನ ಜಾಗ ಇದ್ದರೆ ಅದರಲ್ಲಿ ಅರ್ಧ ಕೊಡುತ್ತದೆ, ಅದಕ್ಕೂ ಹೆಚ್ಚಿದ್ದರೆ 100 ಜಿಬಿ ಕೊಟ್ಟು ಸುಮ್ಮನಾಗುತ್ತದೆ. ಉಳಿದದ್ದು ಅದೇ ಡಿಸ್ಕಿನೊಳಗೆ ಯಾರೂ ಬಳಸದೆ ಬಿದ್ದಿರುತ್ತದೆ. ಹೊಸ ಡಿಸ್ಕ್ ಕೊಳ್ಳಲು ರಾಯಚೂರಿಗೆ ಹೋಗುವ ಮುನ್ನ ವಿಜಿಎಸ್ ಎಂಬ ಕಮಾಂಡ್ ಕೊಟ್ಟು ನೋಡುವುದು ಒಳ್ಳೆಯದು.

ಜಾಗ ಸಾಲದಿರುವುದು ಯುನಿಕ್ಸಿನಷ್ಟೇ ಹಳೆಯ ಕಷ್ಟ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿಯವರ ಯಂತ್ರದಲ್ಲಿ ಮೊದಲ ಡಿಸ್ಕ್ ತುಂಬಿತು. ಬಳಕೆದಾರರ ಕಡತಗಳಿಗೆಂದು ಇದ್ದ ಎರಡನೇ ಡಿಸ್ಕಿಗೆ ಪ್ರೋಗ್ರಾಮ್‌ಗಳನ್ನೂ ಹರಿಸಿದರು. ಯುಎಸ್‌ಆರ್ ಎಂಬ ಫೋಲ್ಡರಿನೊಳಗೆ, ಪ್ರೋಗ್ರಾಮ್‌ಗಳನ್ನಿಡುವ ಬಿನ್ ಎಂಬ ಫೋಲ್ಡರ್ ಇನ್ನೊಂದು ಹುಟ್ಟಿದ್ದು ಹಾಗೆ, ಆ ಜೋಡಿ ಇಂದಿನವರೆಗೂ ನಡೆದು ಬಂದಿದೆ. ಹಿಗ್ಗಿಸಲು ದಾರಿಯಿಲ್ಲದೆ ಹಂಚಿಕೊಂಡರು. ದಾರಿ ಬಂದದ್ದು ತಡವಾಗಿ. 1990ರಲ್ಲಿ ಐಬಿಎಂ ತನ್ನ ಯುನಿಕ್ಸ್ ಆದ ಎಐಎಕ್ಸ್ 3ರ ಜೊತೆ, ಡಿಸ್ಕಿನ ಜಾಗವನ್ನು ಬೇಕೆಂದಾಗ ಬೆಳೆಸಬಹುದಾದ ಪಾಲುಗಳಾಗಿ ಹಂಚುವ ‘ಲಾಜಿಕಲ್ ವಾಲ್ಯೂಮ್’ ಎಂಬ ಏರ್ಪಾಡನ್ನು ತಂದಿತು, ಎಚ್‌ಪಿಯ ಯುನಿಕ್ಸಿನಲ್ಲೂ ಅಂಥದೇ ಬಂತು. ಅದರ ಮಾದರಿಯಲ್ಲಿ 1998ರಲ್ಲಿ ಹೈನ್ಜ್ ಮೌವೆಲ್ಸ್‌ಹಾಗೆನ್ ಲಿನಕ್ಸಿಗೆ ಎಲ್‌ವಿಎಂ ಬರೆದರು. ಮುಂದೆ ಫೈಲ್ ಸಿಸ್ಟಮ್‌ಗಳೂ ಬಳಕೆಯಲ್ಲಿರುವಾಗಲೇ ಬೆಳೆಯುವುದನ್ನು ಕಲಿತವು. 2008ರ ಡಿಸೆಂಬರಿನಲ್ಲಿ ಇಎಕ್ಸ್‌ಟಿ4 ಸ್ಥಿರವೆಂದು ಲಿನಕ್ಸಿಗೆ ಸೇರುವ ಹೊತ್ತಿಗೆ, ಕೆಲಸ ನಡೆಯುತ್ತಿರುವಾಗಲೇ ರೂಟ್ ಹಿಗ್ಗಿಸುವುದು ಯಾರು ಬೇಕಾದರೂ ಕಲಿಯಬಹುದಾದ ವಿದ್ಯೆಯಾಗಿತ್ತು.

ಕೆಲಸದ ಕ್ರಮವನ್ನು ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರಿಗೆ ಹೇಳುವುದು ಸುಲಭ. ಗದ್ದೆ ದೊಡ್ಡದು ಮಾಡಬೇಕಾದರೆ ಮೊದಲು ಪಕ್ಕದ ನೆಲ ಕೈಗೆ ಬರಬೇಕು. ಆಮೇಲೆ ಅಳತೆ ಮಾಡಿಸಿ ಹದ್ದುಬಸ್ತು ಕಲ್ಲು ಆಚೆ ನೆಡಬೇಕು, ಆಮೇಲೆ ಬದು ಸರಿಸಬೇಕು, ಕೊನೆಗೆ ನೀರು ಬಿಡಬೇಕು. ನೆಲ ಬರುವ ಮೊದಲೇ ನೀರು ಬಿಟ್ಟರೆ ಇನ್ನೊಬ್ಬರ ಹೊಲಕ್ಕೆ ನುಗ್ಗುತ್ತದೆ. ಸರ್ವರಿನಲ್ಲೂ ಹಾಗೆಯೇ: ಮೊದಲು ಡಿಸ್ಕ್ ದೊಡ್ಡದಾಗಬೇಕು, ನಂತರ ಅದರೊಳಗಿನ ಪಾಲು ಎಂದರೆ ಪಾರ್ಟಿಷನ್, ನಂತರ ಎಲ್‌ವಿಎಂನ ಪದರಗಳು, ಕಟ್ಟಕಡೆಗೆ ಫೈಲ್ ಸಿಸ್ಟಮ್. ಕುಗ್ಗಿಸಬೇಕಾದರೆ ಇದೇ ಕ್ರಮ ಪೂರ್ತಿ ತಿರುಗುಮುರುಗು. ಒಳಗಿನದು ಹೊರಗಿನದಕ್ಕಿಂತ ಯಾವ ಗಳಿಗೆಯಲ್ಲೂ ದೊಡ್ಡದಾಗಿರಬಾರದು ಎಂಬ ಒಂದೇ ನಿಯಮದಿಂದ ಇಷ್ಟೂ ಹುಟ್ಟುತ್ತದೆ.

ಆದರೆ ಕಮಾಂಡಿಗೆ ಮೊದಲು ಬ್ಯಾಕಪ್. ಈ ಕಡೆಯ ಹಿರಿಯ ಕೆಲಸಗಾರರು ಕಿರಿಯರನ್ನು ಕೇಳುವುದು ಹೀಗೆ:

“ಬ್ಯಾಕಪ್ ತಗೊಂಡಿಯೇನೋ ತಮ್ಮಾ?”

“ಹೌದ್ರೀ ಅಣ್ಣಾ, ರಾತ್ರಿನೇ ತಗೊಂಡೀನಿ.”

“ತಗೊಂಡದ್ದು ಬರೋಬ್ಬರಿ ಐತೇನು? ಬ್ಯಾರೆ ಮಷೀನಿನ್ಯಾಗ ಇಟ್ಟು ತೆರೆದು ನೋಡೀಯೇನು?”

ಎರಡನೇ ಪ್ರಶ್ನೆಗೆ ಹೌದು ಎನ್ನುವಂತಾದ ಮೇಲೆಯೇ ಮುಂದಿನ ಮಾತು. ತೆರೆದು ನೋಡದ ಬ್ಯಾಕಪ್ಪಿನ ಮೇಲೆ ಭರವಸೆ ಇಡಲಾಗದು. ಡೇಟಾಬೇಸನ್ನು ಅದರದೇ ಡಂಪ್ ಕಮಾಂಡಿನಿಂದ ಬೇರೆಯಾಗಿ ತೆಗೆಯಬೇಕು, ಏಕೆಂದರೆ ಓಡುತ್ತಿರುವ ಡೇಟಾಬೇಸಿನ ಕಡತಗಳನ್ನು ಸುಮ್ಮನೆ ನಕಲು ಮಾಡಿದರೆ ಅರ್ಧ ಹಳತು ಅರ್ಧ ಹೊಸತು ಆಗಿ ಕೂರುತ್ತದೆ. ಆ ಗಳಿಗೆಯ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ತೆಗೆದಿದ್ದೇವೆ, ಸಾಕು ಎನ್ನುವವರೂ ಇದ್ದಾರೆ. ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕಿನ ಮೇಲೆ. ಡಿಸ್ಕ್ ಹೋದರೆ ಅದೂ ಹೋಯಿತು. ವರ್ಚುವಲ್ ಯಂತ್ರಗಳನ್ನು ನಡೆಸುವ ವಿಎಂವೇರ್‌ನಲ್ಲಂತೂ ಸ್ನ್ಯಾಪ್‌ಶಾಟ್ ಉಳಿದಿರುವಾಗ ಡಿಸ್ಕ್ ದೊಡ್ಡದು ಮಾಡಲು ಬಿಡುವುದೇ ಇಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿವೆ, ಆದರೂ ಮಧ್ಯಾಹ್ನದ ಬಿಸಿಲಲ್ಲಿ ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗಿ ಏಳದ ಸರ್ವರ್ ಎಬ್ಬಿಸುವುದು ಯಾರಿಗೂ ಬೇಡ. ದೂರದಿಂದ ಕೆಲಸ ಮಾಡುವಾಗ ನೆಟ್‌ವರ್ಕ್ ಕಡಿದರೆ ನಡೆಯುತ್ತಿದ್ದ ಕಮಾಂಡೂ ಅದರ ಜೊತೆ ಸಾಯಬಹುದು. ಟಿಮಕ್ಸ್ ಅಥವಾ ಸ್ಕ್ರೀನ್ ಎಂಬ ಪ್ರೋಗ್ರಾಮಿನ ಒಳಗೆ ಕೆಲಸ ನಡೆಸಿದರೆ ಸಂಪರ್ಕ ಹೋದರೂ ಕಮಾಂಡ್ ಅತ್ತ ಕಡೆ ತನ್ನಷ್ಟಕ್ಕೆ ನಡೆಯುತ್ತದೆ, ಮತ್ತೆ ಒಳಬಂದು ನೋಡಬಹುದು. ಯುಪಿಎಸ್ ಬ್ಯಾಟರಿಯನ್ನು ಆ ದಿನವೇ ಪರೀಕ್ಷಿಸಬೇಕು. ಇಎಕ್ಸ್‌ಟಿ4 ತನ್ನ ಬದಲಾವಣೆಗಳನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಂಡೇ ಮುಂದುವರಿಯುತ್ತದೆ ನಿಜ, ಆದರೆ ಕರೆಂಟ್ ಹೋಗಿ ಬಂದು ಆಡುವ ಸಂಜೆಯಲ್ಲಿ ಆ ಜರ್ನಲ್ಲನ್ನು ಪರೀಕ್ಷೆಗೆ ಒಡ್ಡುವುದೇಕೆ? ಮತ್ತೊಂದು, ಸರ್ವರಿನ ಮುಂದೆ ಕೂತು ಪರದೆ ನೋಡಿ ಹೇಳುವ ಒಬ್ಬರಾದರೂ ಆ ಹೊತ್ತಿಗೆ ಅಲ್ಲಿರಬೇಕು.

ಮೈ ಜುಮ್ಮೆನ್ನುವ ಘಟ್ಟ ಪಾರ್ಟಿಷನ್ನಿನದು. ಒಂದು ಸಾಮಾನ್ಯ ಉಬುಂಟು ಸರ್ವರನ್ನೇ ತೆಗೆದುಕೊಳ್ಳೋಣ. ಮೊದಲು 1 ಎಂಬಿಯ ಪುಟ್ಟ ಪಾರ್ಟಿಷನ್, ಆಮೇಲೆ 2 ಜಿಬಿಯ ಬೂಟ್, ಮೂರನೆಯದರಲ್ಲಿ ಉಳಿದೆಲ್ಲ. ಆ ಮೂರನೆಯದು ಶುರುವಾಗುವುದು 4198400ನೇ ಸೆಕ್ಟರಿನಿಂದ. ಈ ಸಂಖ್ಯೆಯೇ ಪ್ರಾಣ. ಗ್ರೋಪಾರ್ಟ್ ಎಂಬ ಸಲಕರಣೆ ಇದ್ದರೆ ಅದು ತಾನಾಗಿಯೇ ಆರಂಭವನ್ನು ಹಾಗೆಯೇ ಇಟ್ಟು ಕೊನೆಯನ್ನು ಮಾತ್ರ ಮುಂದಕ್ಕೆ ಸರಿಸುತ್ತದೆ. ಇಲ್ಲದ ಹಳೆಯ ಯಂತ್ರಗಳಲ್ಲಿ ಎಫ್‌ಡಿಸ್ಕ್ ತೆರೆದು ಮೂರನೇ ಪಾರ್ಟಿಷನ್ನನ್ನು ಅಳಿಸಬೇಕು. ಹೌದು, ಕೋರ್ಟಿನ, ಆಸ್ಪತ್ರೆಯ ಸಮಸ್ತ ದಾಖಲೆ ಇರುವ, ಆ ಕ್ಷಣದಲ್ಲಿ ಓಡುತ್ತಿರುವ ಪಾರ್ಟಿಷನ್ನನ್ನೇ. ನಂತರ ಅದೇ 4198400ನೇ ಸೆಕ್ಟರಿನಿಂದ ಹೊಸ ಕೊನೆಯವರೆಗೆ ಮತ್ತೆ ಸೃಷ್ಟಿಸಬೇಕು. ನೋಡುವವರಿಗೆ ಎದೆ ಧಸಕ್ಕೆನ್ನುತ್ತದೆ. ಅಳಿಯುವುದು ಡಿಸ್ಕಿನ ತಲೆಯಲ್ಲಿರುವ ಪಟ್ಟಿಯ ಒಂದು ಸಾಲು ಮಾತ್ರ, ದಾಖಲೆಯ ಒಂದು ಬೈಟೂ ಅಲುಗುವುದಿಲ್ಲ ಎಂದು ತಿಳಿದ ಕೈ ಮಾತ್ರ ಅಲ್ಲಿ ನಡುಗುವುದಿಲ್ಲ.

ಹೊಸದನ್ನು ಸೃಷ್ಟಿಸಿದ ಕೂಡಲೇ ಎಫ್‌ಡಿಸ್ಕ್ ಒಂದು ಪ್ರಶ್ನೆ ಕೇಳುತ್ತದೆ: ಇಲ್ಲಿ ಹಳೆಯ ಗುರುತು ಕಾಣುತ್ತಿದೆ, ಅಳಿಸಲೇ? ಅವಸರದಲ್ಲಿ ಹೌದು ಎಂದು ಒತ್ತಿ ಬರೆಯಲು ಬಿಟ್ಟರೆ, ಒಳಗೆ ಏನಿದೆ ಎಂದು ಸರ್ವರಿಗೆ ತಿಳಿಸುವ ಗುರುತೇ ಹೋಗುತ್ತದೆ. ಬೇಡ ಎನ್ನಬೇಕು. ಇಡೀ ಕೆಲಸದಲ್ಲಿ ಒಂದೇ ಅಕ್ಷರದಿಂದ ಸರ್ವರ್ ಏಳದಂತೆ ಮಾಡಬಹುದಾದ ಜಾಗ ಇದು. ಅದಕ್ಕೇ ಅನುಭವಿಗಳು ಎಫ್‌ಡಿಸ್ಕ್ ತೆರೆಯುವ ಮೊದಲೇ ಎಸ್‌ಎಫ್‌ಡಿಸ್ಕ್ ಕಮಾಂಡಿನಿಂದ ಪಟ್ಟಿಯನ್ನು ಒಂದು ಕಡತಕ್ಕೆ ಇಳಿಸಿ, ಆ ಕಡತವನ್ನು ಬೇರೆ ಯಂತ್ರಕ್ಕೆ ಕಳಿಸಿ, ಮೇಲಾಗಿ ಆರಂಭದ ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳುತ್ತಾರೆ. ಬರೆಯುವ ಕಮಾಂಡ್ ಕೊಡುವವರೆಗೆ ಎಫ್‌ಡಿಸ್ಕ್ ಏನನ್ನೂ ಡಿಸ್ಕಿಗೆ ಇಳಿಸುವುದಿಲ್ಲ. ಕಾಗದದ ಸಂಖ್ಯೆಯನ್ನೂ ಪರದೆಯ ಸಂಖ್ಯೆಯನ್ನೂ ಅಂಕಿ ಅಂಕಿಯಾಗಿ ತಾಳೆ ನೋಡಲು ಬೇಕಾದಷ್ಟು ಹೊತ್ತಿದೆ. ಜಿಪಿಟಿ ಮಾದರಿಯ ಡಿಸ್ಕಾದರೆ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಬಾಲದಲ್ಲೂ ಇರುತ್ತದೆ. ಡಿಸ್ಕ್ ಬೆಳೆದಾಗ ಆ ಪ್ರತಿ ನಡುವೆ ಸಿಕ್ಕಿಬಿದ್ದಂತಾಗುತ್ತದೆ, ಅದನ್ನು ಹೊಸ ಕೊನೆಗೆ ಒಯ್ಯಬೇಕು. ಹಳೆಯ ಎಂಬಿಆರ್ ಮಾದರಿಯಾದರೆ ಸಾಮಾನ್ಯ ಡಿಸ್ಕಿನಲ್ಲಿ 2 ಟಿಬಿ ದಾಟಲಾಗದು, ಅದನ್ನು ಮೊದಲೇ ನೋಡಿಕೊಂಡಿರಬೇಕು.

ಎಲ್‌ವಿಎಂಗೆ ಬಂದರೆ ಉಸಿರು ಹಗುರಾಗುತ್ತದೆ. ಪಿವಿರೀಸೈಜ್ ಕಮಾಂಡ್ ಹೊಸ ನೆಲವನ್ನು ಲೆಕ್ಕಕ್ಕೆ ತರುತ್ತದೆ. ಎಲ್‌ವಿಎಂ ಜಾಗವನ್ನು 4 ಎಂಬಿಯ ತುಂಡುಗಳಾಗಿ ಎಣಿಸುತ್ತದೆ. 50 ಜಿಬಿಯ ರೂಟ್ ಎಂದರೆ 12,800 ತುಂಡು. ಎಲ್‌ವಿಎಕ್ಸ್‌ಟೆಂಡ್ ಮಾಡುವುದು ಇಷ್ಟೇ: ಇನ್ನಷ್ಟು ತುಂಡುಗಳ ಹೆಸರನ್ನು ರೂಟಿನ ಪಟ್ಟಿಗೆ ಸೇರಿಸುವುದು. ಇಲ್ಲಿ ಕಣ್ಣಿಡಬೇಕಾದದ್ದು ಒಂದು ಕೂಡಿಸುವ ಚಿಹ್ನೆಯ ಮೇಲೆ. ‘+10 ಜಿಬಿ’ ಎಂದರೆ ಇರುವುದಕ್ಕೆ ಹತ್ತು ಸೇರಿಸು ಎಂದು, ಬರೀ ‘10 ಜಿಬಿ’ ಎಂದರೆ ಒಟ್ಟು ಹತ್ತು ಮಾಡು ಎಂದು. ಎಲ್‌ವಿಎಕ್ಸ್‌ಟೆಂಡ್ ಕುಗ್ಗಿಸಲು ಒಪ್ಪುವುದಿಲ್ಲ, ಕೊಟ್ಟ ಅಳತೆ ಇರುವುದಕ್ಕಿಂತ ಚಿಕ್ಕದು ಎಂದು ಬಾಗಿಲು ಹಾಕುತ್ತದೆ. ಅದರ ಅಣ್ಣನಂತಿರುವ ಎಲ್‌ವಿರೀಸೈಜ್ ಎರಡೂ ಕಡೆಗೆ ಹೋಗಬಲ್ಲದು, ಎಚ್ಚರಿಕೆಗೆ ಹೌದು ಎಂದವರ ಮಾತನ್ನು ನಡೆಸಿಕೊಡುತ್ತದೆ. ಆದ್ದರಿಂದ ಹಿಗ್ಗಿಸುವಾಗ ಹಿಗ್ಗಿಸಲಷ್ಟೇ ಬರುವ ಸಲಕರಣೆಯನ್ನು ಹಿಡಿಯುವುದು ಜಾಣತನ.

ಕೊನೆಯದು ರೀಸೈಜ್‌2ಎಫ್‌ಎಸ್. ಇಷ್ಟು ಹೊತ್ತಿನ ಸಿದ್ಧತೆಗೆ ಹೋಲಿಸಿದರೆ ಇದು ಕೆಲವು ಸೆಕೆಂಡಿನ ಕೆಲಸ, ಮತ್ತು ನನ್ನ ಮಟ್ಟಿಗೆ ಇಡೀ ಸಾಲಿನಲ್ಲಿ ಅತ್ಯಂತ ಚೆಂದದ್ದು. ಇಎಕ್ಸ್‌ಟಿ4 ತನ್ನ ಜಾಗವನ್ನು 128 ಎಂಬಿಯ ಗುಂಪುಗಳಾಗಿ ಕಟ್ಟಿರುತ್ತದೆ. 50 ಜಿಬಿಯಲ್ಲಿ ಅಂಥ 400 ಗುಂಪು. 100 ಜಿಬಿಗೆ ಬೆಳೆಸಿದರೆ ಅದು ಹಳೆಯ 400ರ ಕಡತಗಳನ್ನು ಮುಟ್ಟುವುದೇ ಇಲ್ಲ. ಬಾಲಕ್ಕೆ ಇನ್ನು 400 ಗುಂಪು ಜೋಡಿಸಿ, ಪ್ರತಿಯೊಂದಕ್ಕೂ ಯಾವ ಬ್ಲಾಕ್ ಖಾಲಿ ಯಾವುದು ತುಂಬಿದೆ ಎಂಬ ನಕ್ಷೆ ಬರೆದು, ಒಟ್ಟು ಲೆಕ್ಕವನ್ನು ತಿದ್ದುತ್ತದೆ. ಗುಂಪುಗಳ ವಿವರ ಬರೆಯುವ ಪುಟಗಳು ಸಾಲದಾದರೆ? ಫೈಲ್ ಸಿಸ್ಟಮ್ ಹುಟ್ಟುವಾಗಲೇ, ತಾನು ಮುಂದೆ ಸಾವಿರ ಪಟ್ಟು ಬೆಳೆಯಬಹುದೆಂದು ಎಣಿಸಿ, ಆ ಪುಟಗಳನ್ನು ಖಾಲಿ ಕಾದಿರಿಸಿರುತ್ತದೆ. ಕಡತಗಳ ಸಂಖ್ಯೆಗೆ ಮಿತಿ ಹಾಕುವ ಐನೋಡ್‌ಗಳೂ ಹೊಸ ಗುಂಪುಗಳ ಜೊತೆ ತಾವಾಗಿಯೇ ಬರುತ್ತವೆ. ಅಷ್ಟೂ ಹೊತ್ತು ಡೇಟಾಬೇಸ್ ಓಡುತ್ತಲೇ ಇರುತ್ತದೆ, ಕೌಂಟರಿನಲ್ಲಿ ಚೀಟಿ ಮುದ್ರಣವಾಗುತ್ತಲೇ ಇರುತ್ತದೆ.

ರೆಡ್‌ಹ್ಯಾಟ್ ಕಡೆಯ ಸರ್ವರುಗಳಲ್ಲಿ ಸಾಮಾನ್ಯವಾಗಿ ಎಕ್ಸ್‌ಎಫ್‌ಎಸ್ ಇರುತ್ತದೆ. 1990ರ ದಶಕದಲ್ಲಿ ಸಿಲಿಕಾನ್ ಗ್ರಾಫಿಕ್ಸ್ ತನ್ನ ಯುನಿಕ್ಸಿಗೆಂದು ಕಟ್ಟಿದ್ದು ಅದು. ಅದನ್ನು ಬೆಳೆಸುವ ಕಮಾಂಡಿಗೆ ಡಿಸ್ಕಿನ ಹೆಸರಿನ ಬದಲು ರೂಟಿನ ಓರೆಗೆರೆಯನ್ನೇ ಕೊಡಬೇಕು. ಬೆಳೆಯುವುದು ಸಲೀಸು, ಬೆಳೆದದ್ದನ್ನು ಮತ್ತೆ ಮೊದಲಿನ ಅಳತೆಗೆ ತರುತ್ತೇನೆ ಎಂದರೆ ಎಲ್ಲ ಬ್ಯಾಕಪ್ ತೆಗೆದು ಹೊಸದಾಗಿ ಕಟ್ಟುವುದೇ ದಾರಿ. ಇಎಕ್ಸ್‌ಟಿ4 ಕುಗ್ಗಬಲ್ಲದು, ಆದರೆ ಬಳಕೆಯಲ್ಲಿರುವಾಗ ಅಲ್ಲ. ರೂಟನ್ನು ಬಳಕೆಯಿಂದ ತೆಗೆಯಲು ಸರ್ವರ್ ನಿಲ್ಲಿಸಿ, ಪೆನ್‌ಡ್ರೈವಿನಿಂದ ಬೇರೆ ಲಿನಕ್ಸ್ ಎಬ್ಬಿಸಿ, ಮೊದಲು ಪೂರ್ತಿ ತಪಾಸಣೆ ನಡೆಸಿ, ಆಮೇಲೆ ಮುಟ್ಟಬೇಕು. ಇದರಿಂದಾಗಿಯೇ ಎಷ್ಟು ಹಿಗ್ಗಿಸಬೇಕು ಎಂಬ ತೀರ್ಮಾನಕ್ಕೆ ಅಷ್ಟು ತೂಕ.

ಹಳೆಯ ಸರ್ವರುಗಳಲ್ಲಿ ಇನ್ನೊಂದು ಅಡ್ಡಿ ಎದುರಾಗುತ್ತದೆ. ರೂಟ್ ಪಾರ್ಟಿಷನ್ನಿಗೂ ಖಾಲಿ ಜಾಗಕ್ಕೂ ನಡುವೆ, ಮೆಮೊರಿ ಸಾಲದಾಗ ಬಳಕೆಯಾಗುವ ಸ್ವಾಪ್ ಕೂತಿರುತ್ತದೆ. ಅದನ್ನು ನಿಲ್ಲಿಸಿ, ತೆಗೆದು, ಕೊನೆಗೆ ಒಯ್ದು ಹೊಸದಾಗಿ ಮಾಡಬಹುದು. ಆದರೆ ಹೊಸ ಸ್ವಾಪಿಗೆ ಹೊಸ ಗುರುತಿನ ಸಂಖ್ಯೆ ಬರುತ್ತದೆ. ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ಮುಂದಿನ ಸಲ ಸರ್ವರ್ ಏಳುವಾಗ ಇಲ್ಲದ ಸ್ವಾಪಿಗಾಗಿ 90 ಸೆಕೆಂಡು ಕಾಯುತ್ತದೆ, ಪರದೆ ನೋಡುತ್ತಿರುವವರು ಎಲ್ಲ ಹಾಳಾಯಿತೆಂದು ಗಾಬರಿಯಾಗುತ್ತಾರೆ. ರೂಟ್ ಹಿಗ್ಗಿದರೂ ಅದರ ಗುರುತು ಬದಲಾಗುವುದಿಲ್ಲ, ಆ ಭಯ ಬೇಡ. ರೀಬೂಟ್ ಕಡ್ಡಾಯವಲ್ಲದಿದ್ದರೂ ಆ ವಾರದಲ್ಲೇ ಒಂದು ರಜೆಯ ದಿನ, ಬಲ್ಲವರು ಎದುರಿಗಿರುವಾಗ, ಒಮ್ಮೆ ರೀಬೂಟ್ ಮಾಡಿ ನೋಡುವುದನ್ನು ನಾನು ಕೆಲಸದ ಭಾಗವೆಂದೇ ಎಣಿಸುತ್ತೇನೆ. ಆರು ತಿಂಗಳ ಮೇಲೆ ಕರೆಂಟ್ ಹೋಗಿ ಬಂದಾಗ ಸರ್ವರ್ ಏಳದಿದ್ದರೆ ಕಾರಣ ಯಾರಿಗೂ ನೆನಪಿರುವುದಿಲ್ಲ.

ಎಲ್‌ವಿಎಂ ಕೊಡುವ ಒಂದು ಸೌಲಭ್ಯದಿಂದ ಮಾತ್ರ ದೂರ ಇರಬೇಕೆನ್ನುತ್ತೇನೆ. ಎರಡನೇ ಡಿಸ್ಕ್ ತಂದು ಎಲ್‌ವಿಎಂನ ಅದೇ ವಾಲ್ಯೂಮ್ ಗುಂಪಿಗೆ (ವಿಜಿ) ಸೇರಿಸಿ ರೂಟನ್ನು ಎರಡರ ಮೇಲೂ ಹರಡಬಹುದು. ಮಾಡಲು ಸುಲಭ, ಕೂಡಲೇ ಜಾಗ ಸಿಗುತ್ತದೆ. ಆದರೆ ಅಂದಿನಿಂದ ಎರಡರಲ್ಲಿ ಯಾವ ಡಿಸ್ಕ್ ಕೆಟ್ಟರೂ ರೂಟ್ ಹೋಗುತ್ತದೆ. ಒಂದು ಡಿಸ್ಕ್ ಕೆಟ್ಟರೂ ದಾಖಲೆ ಉಳಿಸುವ ರೇಡ್ ಏರ್ಪಾಡು ಇಲ್ಲದ ಕಡೆ ಇದನ್ನು ಮಾಡಲೇಬಾರದು. ಎರಡನೇ ಡಿಸ್ಕ್ ಬಂದಿದ್ದರೆ ಥಾಂಪ್ಸನ್, ರಿಚಿಯವರು ಮಾಡಿದಂತೆ ಬೆಳೆಯುವ ವಸ್ತುವನ್ನೇ ಅಲ್ಲಿಗೆ ಕಳಿಸುವುದು ಮೇಲು. ಡೇಟಾಬೇಸಿನ ಫೋಲ್ಡರ್, ಸ್ಕ್ಯಾನ್ ಮಾಡಿದ ಕಾಗದಗಳು ಅತ್ತ ಹೋದರೆ ರೂಟ್ ಮತ್ತೆ ವರ್ಷಗಟ್ಟಲೆ ತುಂಬುವುದಿಲ್ಲ.

ಒಂದೇ ಡಿಸ್ಕಿನಲ್ಲಿ 60 ಜಿಬಿ ಖಾಲಿ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಎಲ್ಲವನ್ನೂ ರೂಟಿಗೆ ಕೊಡುವ ಕಮಾಂಡ್ ಪುಸ್ತಕಗಳಲ್ಲಿ ಸಿದ್ಧವಾಗಿದೆ, ಹೆಚ್ಚಿನವರು ಅದನ್ನೇ ಒತ್ತುತ್ತಾರೆ. ನಾನು ಮೆಚ್ಚುವ ಕೆಲಸಗಾರರು 30 ಕೊಟ್ಟು 30 ಹಾಗೇ ಬಿಡುತ್ತಾರೆ. ಮುಂದಿನ ಸಲ ಸ್ನ್ಯಾಪ್‌ಶಾಟ್ ತೆಗೆಯಲು ಅದೇ ಜಾಗ ಬೇಕು, ತುರ್ತಿನಲ್ಲಿ ಇನ್ನೊಂದು ಪಾಲಿಗೆ ಬೇಕಾದರೂ ಅದೇ. ಬಿಟ್ಟ 30ನ್ನು ಯಾವ ರಾತ್ರಿಯಲ್ಲಾದರೂ ಎರಡು ಕಮಾಂಡಿನಿಂದ ರೂಟಿಗೆ ಸೇರಿಸಬಹುದು. ಸೇರಿಸಿದ್ದನ್ನು ಹಿಂದಕ್ಕೆ ಪಡೆಯಲು ಸರ್ವರ್ ನಿಲ್ಲಿಸಬೇಕು. ಡಿಎಫ್ ಒಮ್ಮೆ ನೋಡಿ, ಹಳೆಯ ಅಳತೆ, ಹೊಸ ಅಳತೆ, ವಿಜಿಯಲ್ಲಿ ಉಳಿದದ್ದು, ಪಾರ್ಟಿಷನ್ನಿನ ಆರಂಭದ ಸೆಕ್ಟರ್, ಅಂದಿನ ತಾರೀಖು, ಇಷ್ಟನ್ನು ಸರ್ವರ್ ಕೋಣೆಯ ರಿಜಿಸ್ಟರಿನಲ್ಲಿ ಬರೆದರೆ ಕೆಲಸ ಮುಗಿಯಿತು.